ಗೋಲ್ ಕಂಬದ ಹಿಂದೆ ನಿಂತವನು

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಅರ್ಧ ಆಯಸ್ಸು ಕಳೆದವನು ನಾನು. ಬಂದ ಮಾಲನ್ನು ಮೊದಲು ಅನುಮಾನಿಸಬೇಕು, ಆಮೇಲೆ ಅಳೆಯಬೇಕು. ನನಗೆ ಸಂಬಳ ಕೊಡುವುದೇ ಅದಕ್ಕೆ. ಅಭ್ಯಾಸ ಮನೆಗೂ ಬಂತು. ಹಾಲಿನ ಪ್ಯಾಕೆಟ್ ಕೂಡ ಒತ್ತಿ ನೋಡಿಯೇ ತೆಗೆದುಕೊಳ್ಳುತ್ತೇನೆ. "ನಿಮ್ಗೆ ದೇವ್ರು ಪ್ರತ್ಯಕ್ಷ ಆದ್ರೂ ಐಡಿ ಕಾರ್ಡ್ ಕೇಳ್ತೀರಾ" ಅನ್ನುತ್ತಾಳೆ ನನ್ನ ಹೆಂಡತಿ. ಇಂಥವನಿಗೆ ನಮ್ಮ ಫುಟ್‌ಬಾಲ್ ಟೀಮಿನ ಹೊಸ ಕೋಚ್ ಮೇಲೆ ಗುಮಾನಿ ಬರದೇ ಇರುತ್ತದೆಯೇ?

ನಮ್ಮದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸ್ ಹಿಂದಿನ ಮೈದಾನದ ಟೀಮು. ಆಡುವವರು ಅಕ್ಕಪಕ್ಕದ ವರ್ಕ್‌ಶಾಪ್ ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗರು. ಭಾನುವಾರ ಬೆಳಿಗ್ಗೆ ಮ್ಯಾಚ್, ಮುಗಿದ ಮೇಲೆ ಕಾಂಪೌಂಡ್ ಗೋಡೆಯ ಮೇಲೆ ಕೂತು ಟೀ ಕುಡಿಯುತ್ತ ಜಗಳ. ಇಂಗ್ಲೆಂಡಿನ ಕ್ಲಬ್ಬುಗಳ ಆಟವನ್ನು ಟಿವಿಯಲ್ಲಿ ನೋಡಿ ನೋಡಿ ನಾವೆಲ್ಲ ದೊಡ್ಡ ಪಂಡಿತರಾಗಿದ್ದೆವು. ನನ್ನ ಮಗ ನಾಲ್ಕು ವರ್ಷದಿಂದ ಈ ಟೀಮಿನ ಗೋಲ್‌ಕೀಪರ್. ನಾನು ಅವನ ಗೋಲ್ ಕಂಬದ ಹಿಂದೆಯೇ ನಿಲ್ಲುವುದು. "ಎಡಕ್ಕೆ ಬಾ! ಮುಂದೆ ಹೋಗು! ಯಾಕೋ ನಿಂತ್ಕೊಂಡೆ?" ಎಂದು ಕೊನೆಯ ಸೀಟಿ ಊದುವವರೆಗೂ ಕೂಗುತ್ತೇನೆ. ಹಾಫ್ ಟೈಮಿನಲ್ಲಿ ಅವನು ಆ ಕಡೆಯ ಗೋಲಿಗೆ ಹೋದರೆ, ಮೈದಾನ ಸುತ್ತಿಕೊಂಡು ನಾನೂ ಆ ಕಡೆ. ಜನ ನಗುತ್ತಿದ್ದರು. ನಗಲಿ, ನನಗೇನು?

ಈ ಕೋಚ್ ಬಂದವನೇ ಎಲ್ಲ ಬದಲಾಯಿಸಿಬಿಟ್ಟ. ಗೋಲ್ ಕಾಯಲು ಹಿಂದುಗಡೆ ನಾಲ್ಕು ಜನ ನಿಲ್ಲುತ್ತಿದ್ದ ಕಡೆ ಮೂರೇ ಜನ. ಮಿಕ್ಕವರೆಲ್ಲ ಮುಂದೆ ನುಗ್ಗಬೇಕು. ಚೆಂಡು ಕೈತಪ್ಪಿದರೆ ಗೋಲ್‌ಕೀಪರ್ ಅರ್ಧ ಮೈದಾನದವರೆಗೆ ಓಡಿ ಬರಬೇಕು. ಸಾಲದ್ದಕ್ಕೆ ಚಂದಾ ಎತ್ತಿದ ದುಡ್ಡಿನಲ್ಲಿ ಹೊರಗಿನಿಂದ ಮೂವರನ್ನು ಕರೆಸಿದ. ಇಬ್ಬರು ಗೋಲ್ ಹೊಡೆಯುವವರು. ಮೂರನೆಯವನು ಬೆಳಗಾವಿ ಕಡೆಯವನು, ಲೋಹಕ್ಕೆ ಬಣ್ಣ ಹಾಕುವ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತ ಬಾಡಿಗೆ ರೂಮಿನಲ್ಲಿದ್ದ. ಅವನು ಗೋಲ್‌ಕೀಪರ್! ಅವನು ಬಂದ ವಾರದಿಂದಲೇ ನನ್ನ ಮಗ ಬೆಂಚಿನ ಮೇಲೆ.

ಮೈಯೆಲ್ಲ ಉರಿದುಹೋಯಿತು ನನಗೆ.

ಗೋಡೆಯ ಮೇಲೆ ಎರಡು ಪಕ್ಷವಾದವು. ಚಂದಾದಲ್ಲಿ ದೊಡ್ಡ ಪಾಲು ಕೊಟ್ಟವರು ಹಳೇ ಊರಿನ ಬಿಲ್ಡಿಂಗ್ ಓನರ್, ಒಂದು ಕಾಲಕ್ಕೆ ರಾಗಿ ಬೆಳೆದ ಜಾಗದಲ್ಲಿ ಈಗ ಮೂವತ್ತು ಮನೆ ಬಾಡಿಗೆಗೆ ಬಿಟ್ಟವರು. ಅವರಿಗೆ ಕೋಚ್ ಅಂದರೆ ಪ್ರಾಣ. "ನಾಕ್ ಗೋಲ್ ಒಡುಸ್ಕಂಡ್ರೆ ಓಗ್ಲಿ ಬುಡಿ ಸಾ, ನಾವು ಐದ್ ಒಡೀತೀವಲ್ಲ! ಮೊದ್ಲಾದ್ರೆ ಸೊನ್ನೆ ಸೊನ್ನೆ. ನಿದ್ದೆ ಬರ್ತಿತ್ತು" ಅನ್ನುತ್ತಿದ್ದರು.

"ಗೋಲ್ ಹೊಡೆಯೋರಿಗೆ ಖರ್ಚು ಮಾಡ್ಲಿ ಸ್ವಾಮಿ. ಇರೋ ಕೀಪರ್‌ನ ಕೂರಿಸಿ ಇನ್ನೊಬ್ಬನ್ನ ಯಾಕೆ ತರ್ಬೇಕಿತ್ತು? ಇದ್ರಲ್ಲಿ ಕಮಿಷನ್ ಇದೆ, ಬರೆದಿಟ್ಕೊಳ್ಳಿ" ಎಂದೆ ನಾನು.

"ಏನೇನೋ ಹೇಳ್ಬೇಡ್ರೀ, ಆಧಾರ ಏನು?" ಎಂದರು ನಮ್ಮ ಕ್ಲಬ್ಬಿನ ಅಧ್ಯಕ್ಷರು. ಅವರು ರಿಟೈರ್ ಆದ ಟೂಲ್ ರೂಮ್ ಫೋರ್‌ಮನ್, ಅಳತೆಯ ಮನುಷ್ಯ.

ಆಧಾರ ತರುತ್ತೇನೆ ಎಂದು ಹೊರಟೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೋಚನ್ನು ಕಾದೆ. ಒಂದು ಸಂಜೆ ಶಿಫ್ಟ್ ಬಿಟ್ಟು ಬರುವಾಗ ಬಸ್ ಸ್ಟಾಪಿನಲ್ಲಿ ಅವನೂ ನನ್ನ ಮಗನೂ ಮಾತಾಡುತ್ತ ನಿಂತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ಗಪ್‌ಚಿಪ್. ಏನು ಮಾತು ಎಂದು ಕೇಳಿದರೆ ಮಗ "ಏನಿಲ್ಲಪ್ಪ" ಎಂದ. ಹೆದರಿಸಿದ್ದಾನೆ ಎಂದುಕೊಂಡೆ. ಇನ್ನೊಂದು ದಿನ ಬೇಕರಿ ಮುಂದೆ ಕೋಚ್ ಆ ಬೆಳಗಾವಿಯವನಿಗೆ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ಕೊಟ್ಟ. ಅವನು ಅತ್ತಿತ್ತ ನೋಡಿ ಬ್ಯಾಗಿಗೆ ತುರುಕಿಕೊಂಡ. ನಾನು ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ಆರಿಸುವವನಂತೆ ನಿಂತು ಎಲ್ಲ ನೋಡಿದೆ.

ಅದು ಏನೆಂದು ಮುಂದಿನ ಭಾನುವಾರ ಗೊತ್ತಾಯಿತು. ಆ ಹೊಸಬನ ಕೈಯಲ್ಲಿ ಹಸಿರು ಗ್ಲೌಸ್. ಎಡಗೈಯ ಹೆಬ್ಬೆರಳಿನ ಹತ್ತಿರ ಕಪ್ಪು ದಾರದ ಹೊಲಿಗೆ. ಹರಿದಿದ್ದನ್ನು ಹೊಲಿದವನು ನಾನೇ! ಮಗನ ಹುಟ್ಟುಹಬ್ಬಕ್ಕೆ ನಾನು ತಂದುಕೊಟ್ಟ ಗ್ಲೌಸ್ ಅದು. ಓಡಿ ಮನೆಗೆ ಬಂದು ಮಗನ ಕಪಾಟು ತೆಗೆದೆ. ಇಲ್ಲ. ಜಾಗವನ್ನೂ ಕಿತ್ತುಕೊಂಡರು, ಗ್ಲೌಸನ್ನೂ ಎಗರಿಸಿದರು ಎಂದು ಕಪಾಟಿನ ಬಾಗಿಲನ್ನು ದಢಾರನೆ ಮುಚ್ಚಿದೆ.

ನಾನು ಮಗನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಇನ್‌ಸ್ಪೆಕ್ಷನ್‌ನವರು ಪೀಸನ್ನು ಮಾತಾಡಿಸುವುದಿಲ್ಲ. ಗೇಜ್ ಹಾಕಿ ಅಳೆಯುತ್ತಾರೆ, ಅಳತೆಗೆ ಕೂರದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಾರೆ. ಫ್ಯಾಕ್ಟರಿಯಲ್ಲಿ ರಿಜೆಕ್ಷನ್ ರಿಪೋರ್ಟ್ ಬರೆಯುತ್ತೇವಲ್ಲ, ಥೇಟ್ ಹಾಗೇ ಕೋಚ್ ಮೇಲೆ ಒಂದು ರಿಪೋರ್ಟ್ ಬರೆದೆ. ದೋಷ ಒಂದು, ಹಿಂದೆ ಮೂವರೇ ಡಿಫೆಂಡರ್. ದೋಷ ಎರಡು, ಅನಗತ್ಯ ಖರೀದಿ. ದೋಷ ಮೂರು, ಆಟಗಾರನ ಸಾಮಾನು ಕಳವು. ಕೆಳಗೆ ಸಹಿ ಹಾಕಿ ಅಧ್ಯಕ್ಷರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಮುಖ ಸಣ್ಣದು ಮಾಡಿಕೊಂಡು, ಭಾನುವಾರ ಮ್ಯಾಚ್ ಮುಗಿದ ಮೇಲೆ ಮೀಟಿಂಗ್ ಕರೆದರು. ಕಳವಿನ ಮಾತು ನಿಜವಾದರೆ ಕೋಚ್ ಅವತ್ತೇ ಹೋಗಬೇಕು ಎಂದು ಎಲ್ಲರೂ ಒಪ್ಪಿದರು. ಓನರ್ ಕೂಡ ಸುಮ್ಮನಾದರು.

ಮೈದಾನದ ಬೇವಿನ ಮರದ ಕೆಳಗೆ ಸೇರಿದೆವು. ಆಟಗಾರರೆಲ್ಲ ಬೆವರು ಒರೆಸಿಕೊಳ್ಳುತ್ತ ಸುತ್ತ ನಿಂತಿದ್ದರು. ಅಧ್ಯಕ್ಷರು ಕೋಚನ್ನು ಕೇಳಿದರು: "ಈ ಗ್ಲೌಸ್ ನಿಮ್ಮ ಕೈಗೆ ಹೇಗೆ ಬಂತು? ಇರೋ ಕೀಪರ್‌ನ ಯಾಕೆ ಕೂರಿಸಿದ್ರಿ?"

ಕೋಚ್ ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ. "ಅದು ನಾನು ಹೇಳೋ ಹಾಗಿಲ್ಲ ಸಾರ್. ನಾನು ಹೋಗ್ತೀನಿ ಬಿಡಿ" ಎಂದ.

"ನೋಡಿದ್ರಾ! ಬಾಯಿ ಬಿಡೋಕೆ ಆಗ್ತಿಲ್ಲ! ನಾನು ಆವತ್ತೇ ಹೇಳಿರ್ಲಿಲ್ವಾ?" ಎಂದು ಕೂಗಿದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಭಾರಿ ಸಂತೋಷವಾಗಿತ್ತು.

ಕೋಚ್ ತನ್ನ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟ. ಆಗ ಮಗ ಅಡ್ಡ ಬಂದ.

"ಅವ್ರು ಕದ್ದಿಲ್ಲ. ಗ್ಲೌಸ್ ನಾನೇ ಕೊಟ್ಟಿದ್ದು" ಎಂದ. "ಈ ಹೊಸ ಕೀಪರ್ ಹತ್ರ ಗ್ಲೌಸ್ ಇರ್ಲಿಲ್ಲ, ಅದಕ್ಕೇ ಕೋಚ್ ಕೈಲಿ ಕಳ್ಸಿದೆ. ನನ್ನನ್ನ ಇಳಿಸಿ ಅಂತ ಕೇಳಿದ್ದೂ ನಾನೇ ಅಪ್ಪ."

"ಯಾಕೋ?" ಎಂದೆ.

ಮಗ ಕೋಚ್ ಕಡೆ ನೋಡಿದ. ಇನ್ನು ಮುಚ್ಚಿಡುವುದಕ್ಕೇನಿದೆ ಎಂದು ಕೋಚೇ ಹೇಳಿದ. "ಸಾರ್, ನನ್ನ ಆಟದಲ್ಲಿ ಹಿಂದೆ ಇರೋದು ಮೂರೇ ಜನ. ಅವ್ರಿಗೆ ಎಲ್ಲಿ ನಿಲ್ಬೇಕು ಅಂತ ಕೀಪರ್ ಕೂಗಿ ಹೇಳ್ತಾನೇ ಇರ್ಬೇಕು. ಇವ್ನು ಬಾಯಿ ತೆಗೆಯೋ ಮೊದ್ಲೇ ಹಿಂದಿನಿಂದ ನೀವು ಕೂಗಿರ್ತೀರ. ಡಿಫೆಂಡರ್‌ಗಳು ನಿಮ್ಮ ಮಾತು ಕೇಳ್ತಾರೆ, ಇವ್ನು ಸುಮ್ನಾಗ್ತಾನೆ. ನಿಮಗೆ ಹೇಳ್ತೀನಿ ಅಂದೆ. ಬೇಡ, ಅಪ್ಪಂಗೆ ಬೇಜಾರಾಗುತ್ತೆ, ನನ್ನನ್ನೇ ತೆಗೀರಿ ಅಂದ. ಅದಕ್ಕೇ ಇನ್ನೊಬ್ಬ ಕೀಪರ್‌ನ ಕರೆಸ್ದೆ. ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡ."

ನಾನು ಕ್ಷಮಿಸಿ ಅಂದೆನೋ ಏನು ಅಂದೆನೋ ನೆನಪಿಲ್ಲ. ಅಧ್ಯಕ್ಷರು ನನ್ನ ರಿಪೋರ್ಟನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. ಕೋಚ್ ಉಳಿದ.

ಮನೆಗೆ ಹೋಗುವ ದಾರಿಯಲ್ಲಿ, "ನನಗೇ ಹೇಳ್ಬೋದಿತ್ತಲ್ಲೋ" ಎಂದೆ.

"ಹೇಳೋಕೆ ಬಿಡ್ತಿದ್ಯಾ ಅಪ್ಪ?" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಂದಿನ ಭಾನುವಾರ ನನ್ನ ಮಗನೇ ಗೋಲ್‌ಕೀಪರ್. ನಾನು ಹೋಗಲಿಲ್ಲ. ಫ್ಯಾನ್ ಒರೆಸಿದೆ, ನಲ್ಲಿಯ ವಾಷರ್ ಬದಲಾಯಿಸಿದೆ, ಹೆಂಡತಿ ಆರಿಸಿಟ್ಟ ಅಕ್ಕಿಯನ್ನು ಮತ್ತೆ ಆರಿಸಿ ಬೈಸಿಕೊಂಡೆ. ಹನ್ನೊಂದು ಗಂಟೆಗೆ ಅಧ್ಯಕ್ಷರು ನೇರವಾಗಿ ಮನೆಗೇ ಬಂದರು. ಮೂರು ಎರಡರಲ್ಲಿ ಗೆದ್ದರಂತೆ. ಹಿಂದೆ ಮೂವರನ್ನೇ ನಿಲ್ಲಿಸಿದರೆ ಎರಡು ಗೋಲ್ ಬೀಳದೆ ಇನ್ನೇನು ಎಂದು ಬಾಯಿಗೆ ಬಂತು, ನುಂಗಿಕೊಂಡೆ.

"ಅದು ಬಿಡ್ರೀ. ಏನು ಗಂಟಲು ರೀ ನಿಮ್ಮ ಮಗಂದು! ಶುರುವಿನಿಂದ ಕೊನೇವರೆಗೂ ಒಂದೇ ಸಮ ಕೂಗ್ತಿದ್ದ. ರೋಡಿನ ಆ ಕಡೆ ಬಸ್ಸಿಗೆ ಕಾಯೋರೆಲ್ಲ ತಿರುಗಿ ನೋಡಿದ್ರು" ಎಂದರು ಅವರು.

ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದು ಅನುಮಾನ ಬಂತು. ಅವರು ಹೋದ ಮೇಲೆ ಓನರಿಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ, ಔದು ಸಾ! ನಿಮ್ಗೆ ಗೊತ್ತಿಲ್ವಾ ನಿಮ್ ಮಗನ್ ಗಂಟ್ಲು?" ಎಂದು ಅವರು ನಕ್ಕರು.

ಇಪ್ಪತ್ತೆರಡು ವರ್ಷದಿಂದ ನಾನೂ ಅವನೂ ಒಂದೇ ಮನೆಯಲ್ಲಿದ್ದೇವೆ. ಗೊತ್ತಿಲ್ಲ ಎಂದು ಹೇಳಲಾಗದೆ ಫೋನ್ ಇಟ್ಟೆ.