ಕಾಂತೇಶನ ಡಿಲೇ

ತಿಪಟೂರಿನ ಕೊಬ್ಬರಿ ಮಂಡಿಯ ಮಹಡಿಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿರುವ ಕಾಂತೇಶನಿಗೆ ಒಮ್ಮೆ ಆಡಿದ ಮಾತು ಒಮ್ಮೆಯೇ ಕೇಳಿಸಿದರೆ ಸಮಾಧಾನವಿಲ್ಲ. ಭಜನೆಯಾಗಲಿ, ಎಳನೀರು ಗಾಡಿಯ ಕೂಗಾಗಲಿ, ಕಂಪ್ಯೂಟರಿನಲ್ಲಿ ಡಿಲೇ ಪ್ಲಗಿನ್ ತೆರೆದು, ದನಿ ಬಾವಿಯೊಳಗಿಂದ ನಡುಗುತ್ತ ಮತ್ತೆ ಮತ್ತೆ ಬರುವಂತೆ ಮಾಡುತ್ತಾನೆ. “ಬೋಳು ದನಿ ಯಾರಿಗೆ ಬೇಕು ಕಣ್ರೀ? ಒಂಚೂರು ತಿರುಗಿ ಬರ್ಲಿ ಬುಡಿ” ಎನ್ನುತ್ತಾನೆ. ಒಂದು ಎಮ್ಮೆ ಕಳೆದುಹೋದ ಪ್ರಕಟಣೆಗೂ ಅದನ್ನೇ ಹಾಕಿ, ಜನ ನಾಲ್ಕು ಎಮ್ಮೆ ಹುಡುಕುವಂತೆ ಮಾಡಿದವನು. ಅಂಥವನ ಮೈಕಿನ ಮುಂದೆ ಹಂದನಕೆರೆಯ ಚಿಕ್ಕಗಂಗಮ್ಮಜ್ಜಿ ಸೋಬಾನೆ ಹಾಡಿದಳು. ಪ್ರತಿ ಸಾಲಿನ ಕೊನೆಗೂ ನಿಂತು ಕಾದಳು. ಆ ಖಾಲಿ ಜಾಗಕ್ಕೆ ಡಿಲೇ ತುಂಬಲು ಕಾಂತೇಶ ಕೈಹಾಕಿದ. “ಬ್ಯಾಡ ಕಣಪ್ಪ, ಅದು ನನ್ ಜೊತೆಗಾತಿ ಸಿದ್ದಮ್ಮ ತಿರುಗಿ ಹಾಡೋ ಜಾಗ. ಅವ್ಳು ತೀರ್ಕೊಂಡ್ಲು” ಎಂದಳು ಅಜ್ಜಿ. ಕಾಂತೇಶನ ಕೈಯಿಂದ ಹೊರಬಂದ ಹಾಡುಗಳಲ್ಲಿ ಅದೊಂದರಲ್ಲಿ ಮಾತ್ರ ಯಾವ ಸಾಲೂ ತಿರುಗಿ ಬರುವುದಿಲ್ಲ.