ದನದ ದಡಕ್ಕೆ ಬಂದ ಹಸಿರು

ಕಾಲುವೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಜೋಳ ಹೋಗಿ ನೆಲ್ಲು ಬಂತು. ನೆಲ್ಲಿನ ಹಿಂದೆ ಯೂರಿಯಾ ಬಂತು. ಖಾಲಿ ಚೀಲವನ್ನು ಯಾರೂ ಬಿಸಾಡುತ್ತಿರಲಿಲ್ಲ. ಹೆಂಗಸರೆಲ್ಲ ಕೆರೆಯಲ್ಲಿ ತೊಳೆದು, ಒಣಗಿಸಿ, ಒಂದಕ್ಕೊಂದು ಹೊಲಿದು ಹಾಸು ಮಾಡಿಕೊಳ್ಳುತ್ತಿದ್ದೆವು. ಗದ್ದೆಯಿಂದ ಬಸಿದ ನೀರೂ ಅದೇ ಕೆರೆಗೆ ಬೀಳುತ್ತಿತ್ತು.

ಒಂದು ಬೇಸಿಗೆ, ಕಾಲುವೆ ನೀರು ಬಂದ್ ಆಗಿತ್ತು. ಕೆರೆ ಅಲ್ಲಾಡದೆ ನಿಂತು ಬಿಸಿಲಿಗೆ ಕಾದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮೇಲೆಲ್ಲ ಬಣ್ಣ ಸುರಿದ ಹಾಗೆ ಹಸಿರು. ಗಾಳಿ ಅದನ್ನು ದನ ಇಳಿಯುವ ದಡಕ್ಕೇ ತಳ್ಳಿತ್ತು. ಅಲ್ಲಿ ಕೆನೆಯಂತೆ ದಪ್ಪಗಿತ್ತು.

ನನ್ನ ಮೈದುನನ ಹೆಂಡತಿಯ ಎಮ್ಮೆ ಅಲ್ಲೇ ಕುಡಿಯಿತು. ಮನೆ ಮುಟ್ಟುವಷ್ಟರಲ್ಲಿ ಕಾಲು ನಡುಗಿ ಬಿತ್ತು, ಸತ್ತಿತು. ಊರವರು ಹಾವು ಕಚ್ಚಿದೆ ಎಂದರು. ಶಹಾಪುರದಿಂದ ಬಂದ ದನದ ಡಾಕ್ಟರ್ ಎಮ್ಮೆಯ ಮೂತಿಗೆ ಮೆತ್ತಿದ್ದ ಹಸಿರನ್ನು ತೋರಿಸಿದರು.

"ಇದು ಪಾಚಿರಿ. ಗೊಬ್ಬರದ ನೀರು, ಬಿಸಿಲು, ನಿಂತ ನೀರು, ಎಲ್ಲಾ ಕೂಡಿದ್ರ ಉಕ್ಕತದ. ಕೆಲವು ಸಲ ವಿಷ ಆಗತದ. ಸದ್ಯಕ್ಕ ದನ ಬಿಡಬ್ಯಾಡ್ರಿ."

ಮೈದುನನ ಹೆಂಡತಿ ನಂಬಲಿಲ್ಲ. "ನಮ್ಮತ್ತಿ ಇದೇ ನೀರು ಕುಡದು ಮುದುಕಿ ಆದಳು. ನನ್ನ ಎಮ್ಮಿಗಷ್ಟೇ ವಿಷ ಆತೇನು?"

"ಅತ್ತಿ ಯೂರಿಯಾ ಚೀಲ ತೊಳದಿದ್ಲೇನು?" ಎಂದೆ.

"ನೀ ಏನು ಕಾಶಿಗೆ ಹೋಗಿ ತೊಳದಿಯೇನಕ್ಕ?"

"ಇಲ್ಲ. ನಿನ್ನ ಮಗ್ಗಲಕ್ಕ ಕುಂತೇ ತೊಳದೀನಿ."

ನನ್ನ ಎಮ್ಮೆ ಗಬ್ಬವಿತ್ತು. ಅದು ಹೋದರೆ ಹೊಟ್ಟೆಯ ಕರುವೂ ಹೋಗುತ್ತಿತ್ತು. ಅಂಗಳದಲ್ಲಿ ಕಟ್ಟಿಹಾಕಿ, ಕೈಪಂಪಿನಿಂದ ನೀರು ಹೊತ್ತು ಕುಡಿಸಿದೆ, ಮೈಮೇಲೂ ಸುರಿದೆ. ಎಮ್ಮೆಗೆ ಅಷ್ಟು ಸಾಲುತ್ತದೆಯೇ? ಕೆರೆಯ ದಿಕ್ಕಿಗೆ ಮೂತಿ ಮಾಡಿ ಒದರುತ್ತಿತ್ತು. ಹಗ್ಗ ಜಗ್ಗಿ ಜಗ್ಗಿ ಕುತ್ತಿಗೆ ಹುಣ್ಣಾಯಿತು. ಬಿಟ್ಟುಬಿಡಲೇ ಅನ್ನಿಸಿತು.

ಆಗ ಅವಳೇ ಬಂದಳು, ತನ್ನ ಚೀಲದ ಹಾಸು ಹೊತ್ತುಕೊಂಡು. ಅದನ್ನು ಎಮ್ಮೆಯ ಮೇಲೆ ನೆರಳಿಗೆ ಕಟ್ಟಿದಳು. ಕೊಡ ತೆಗೆದುಕೊಂಡು ಪಂಪಿಗೆ ಹೋದಳು. ಮಳೆ ಬಿದ್ದು, ಕಾಲುವೆ ಹರಿದು, ಕೆರೆಯ ಬಣ್ಣ ತಿರುಗುವವರೆಗೆ ಇಬ್ಬರೂ ಹೊತ್ತೆವು.

ಎಮ್ಮೆ ಕರು ಹಾಕಿತು. ಗಿಣ್ಣದ ಹಾಲು ಕಾಯಿಸಿ ಮೊದಲು ಅವಳಿಗೇ ಒಯ್ದೆ. ಬಟ್ಟಲು ಹಿಡಿದು ಕೇಳಿದಳು, "ಇವತ್ತು ಎಮ್ಮಿಗಿ ಯಾವ ನೀರು ಕುಡಿಸೀದಿ?"

"ಪಂಪಿಂದು."

"ಹಂಗಾದ್ರ ಇನ್ನೊಂದೀಟು ಹಾಕು."