ಶಬ್ದವಿಲ್ಲದೆ ಓಡಿದ ವಿಡಿಯೊ

ಗುಜರಿಯವನಿಗೆ ಕೊಡೋ ಮುಂಚೆ ಒಂದ್ಸಲ ನೋಡೋಣ ಅಂತ ಹಳೇ ಕಂಪ್ಯೂಟರಿನ ಸ್ವಿಚ್ ಹಾಕಿದೆ. ಫ್ಯಾನು ಗೊರಗೊರ ಅಂದಿತು, ಧೂಳು ಕಾದ ವಾಸನೆ ಬಂತು. ತಿರುವನಂತಪುರದ ಈ ಮನೆಯಲ್ಲಿ ನಿಂತವಳಿಗೆ ಕೊಚ್ಚಿಯ ಕಲೂರಿನ ಬಾಡಿಗೆ ಮನೆ ನೆನಪಾಯಿತು, ಕೆಳಗಿನ ಮನೆಯ ಚೇಚಿ ನೆನಪಾದರು…

ಐಟಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದ ಹೊಸತು ಅದು. ನನ್ನ ಮಲಯಾಳ ಅಷ್ಟಕ್ಕಷ್ಟೆ. ಅಕ್ಕ ಅನ್ನುವ ಹಾಗೆ ನಾನು ಚೇಚಿ ಅಂತಿದ್ದೆ. ಅವರಿಗೆ ನಾನು 'ಮೋಳೇ', ಮಗಳು. ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಗೊಜ್ಜು ತಂದಿಟ್ಟರೆ ನಾನು ತಿಂದು ಮುಗಿಸೋವರೆಗೂ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಅವರ ಗಂಡ ಗಲ್ಫಿನಲ್ಲಿದ್ದರು. ಶುಕ್ರವಾರ ಬಂತೆಂದರೆ ಫೋನಿನಲ್ಲಿ ಮನಸಾರೆ ಹರಟುತ್ತಿದ್ದ ಮನುಷ್ಯ, ಆ ವರ್ಷ ಓಣಂ ಕಳೆದ ಮೇಲೆ ಎರಡು ಮಾತಾಡಿ ಇಟ್ಟುಬಿಡೋಕೆ ಶುರುಮಾಡಿದರು. ರಜೆಗೂ ಬರಲಿಲ್ಲ. ಚೇಚಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಗಂಡನ ಸ್ನೇಹಿತರೊಬ್ಬರು ರಜೆಗೆ ಬಂದವರು ಒಂದು ಸಿಡಿ ಕೊಟ್ಟು, ಚಹಾಕ್ಕೂ ನಿಲ್ಲದೆ ಹೊರಟುಹೋದರು. ಗಂಡ ಕಳಿಸಿದ ವಿಡಿಯೊ ಅಂತೆ. ಎಡಪ್ಪಳ್ಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಅದು ತೆರೆಯಲೇ ಇಲ್ಲ. ನನ್ನ ಹತ್ತಿರ ತಂದರು.

ನನ್ನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಅದರ ಪ್ಲೇಯರೂ ಕೈಚೆಲ್ಲಿತು. ಪ್ಲೇಯರಿನ ಹೊಸ ಆವೃತ್ತಿಯಲ್ಲಿ ಈ ಬಗೆಯ ಫೈಲು ಓಡುತ್ತದೆ ಅಂತ ಇಂಟರ್‌ನೆಟ್ಟಿನಲ್ಲಿ ಓದಿದೆ. ಆದರೆ ಅದು ಸಿದ್ಧವಾಗಿ ಸಿಗುತ್ತಿರಲಿಲ್ಲ. ಅದರ ಸೋರ್ಸ್ ಕೋಡ್ ಇಳಿಸಿಕೊಂಡು ನಾವೇ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಮಾಗಿ ಕಟ್ಟಿಕೊಳ್ಳಬೇಕಿತ್ತು. ಭಾನುವಾರ ಮಧ್ಯಾಹ್ನ ಕೂತೆ. ನಮ್ಮ ಕಂಪ್ಯೂಟರಿನಲ್ಲಿ ಏನಿದೆ, ಏನಿಲ್ಲ ಅಂತ ಆ ಕೋಡು ಕಟ್ಟೋ ಮುಂಚೆಯೇ ಹುಡುಕಿ ಸಾಲುಸಾಲಾಗಿ ಹೇಳುತ್ತದೆ. ಅದನ್ನೆಲ್ಲ ಓದೋ ತಾಳ್ಮೆ ಯಾರಿಗಿತ್ತು? ಚೇಚಿ ಪಕ್ಕದಲ್ಲೇ ಕೂತು, ನೈಟಿಯ ಮೇಲೆ ಹೊದ್ದ ಟವೆಲಿನ ತುದಿ ಹಿಂಡುತ್ತಿದ್ದರು. ಪರದೆಯಲ್ಲಿ 'ವಾರ್ನಿಂಗ್' ಅಂತ ಕಂಡಾಗಲೆಲ್ಲ ನನ್ನ ಮುಖ ನೋಡೋರು. ಅದಕ್ಕೆಲ್ಲ ಹೆದರಬಾರದು ಅಂತ ನಾನೇನೋ ಹೇಳಿದೆ, ಹೆದರಿಕೆ ನನಗೂ ಇತ್ತು. ಎಲ್ಲಿ ಕರೆಂಟ್ ಹೋಗುತ್ತೋ, ಎಲ್ಲಿ ಅರ್ಧಕ್ಕೆ ನಿಂತುಬಿಡುತ್ತೋ…

ಅಂತೂ ವಿಡಿಯೊ ಓಡಿತು. ಚಿತ್ರ ಬಂತು, ಶಬ್ದ ಇಲ್ಲ. ಶಬ್ದಕ್ಕೆ ಬೇಕಾದ ಲೈಬ್ರರಿ, ಅಂದರೆ ಪ್ಲೇಯರಿಗೆ ನೆರವಾಗೋ ಇನ್ನೊಂದು ಸಾಫ್ಟ್‌ವೇರ್ ತುಣುಕು, ನನ್ನಲ್ಲಿರಲಿಲ್ಲ. ನಾನು ಓದದೆ ಬಿಟ್ಟ ಸಾಲುಗಳಲ್ಲಿ ಅದನ್ನೇ ಹೇಳಿತ್ತು, ಶಬ್ದವೊಂದನ್ನು ಬಿಟ್ಟು ಉಳಿದದ್ದನ್ನು ಕಟ್ಟಿಕೊಟ್ಟಿತ್ತು. ತಲೆ ಚಚ್ಚಿಕೊಂಡು, ಮತ್ತೆ ಮೊದಲಿಂದ ಮಾಡ್ತೀನಿ ಅಂತ ನಿಲ್ಲಿಸಲು ಹೋದೆ. ಚೇಚಿ ಕೈ ಹಿಡಿದರು. ಪರದೆಯಲ್ಲಿ ಅವರ ಗಂಡ ಮಂಚದ ಮೇಲೆ ಕೂತು ನಗುತ್ತಾ, ಏನೋ ಹೇಳುತ್ತಾ, ಚಹಾ ಕುಡಿಯುತ್ತಿದ್ದರು. ನನ್ನ ಕಣ್ಣಿಗೆ ಗುಂಡುಕಲ್ಲಿನ ಹಾಗಿದ್ದರು.

"ಮೋಳೇ, ಅವರು ಎಡಚರು," ಅಂದರು ಚೇಚಿ. "ಲೋಟ ಬಲಗೈಯಲ್ಲಿದೆ."

ಮತ್ತೆ ಹಾಕಿ ನೋಡಿದೆವು. ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಒಮ್ಮೆಯೂ ಅಲ್ಲಾಡಲಿಲ್ಲ.

ಚೇಚಿ ಅಲ್ಲೇ ನನ್ನ ಫೋನಿನಿಂದ ಆ ಸ್ನೇಹಿತರನ್ನು ಹಿಡಿದರು. ಗಂಡನಿಗೆ ಸ್ಟ್ರೋಕ್ ಆಗಿತ್ತು, ಮನೆಗೆ ತಿಳಿಸಬಾರದು ಅಂತ ಸ್ನೇಹಿತರ ಕೈಲಿ ಆಣೆ ಹಾಕಿಸಿದ್ದರಂತೆ. ಚೇಚಿ ಅಳಲಿಲ್ಲ. ಹಟ ಹಿಡಿದು ಗಂಡನನ್ನು ಕರೆಸಿಕೊಂಡರು, ಎಣ್ಣೆ ತಿಕ್ಕಿ ತಿಕ್ಕಿ ಅಂಗಳದಲ್ಲಿ ನಡೆಯೋ ಹಾಗೆ ಮಾಡಿದರು.

ಆ ಲೈಬ್ರರಿ ಹಾಕಿ ನಾನು ಆಮೇಲೆ ಮತ್ತೆ ಕಂಪೈಲ್ ಮಾಡಿದೆ. ಶಬ್ದ ಚೆನ್ನಾಗಿ ಬಂತು. ತನಗೇನೂ ಆಗಿಲ್ಲ, ಕೆಲಸ ಜಾಸ್ತಿ ಅಷ್ಟೇ ಅಂತ ಆ ಮನುಷ್ಯ ಎಷ್ಟು ಲವಲವಿಕೆಯಿಂದ ಹೇಳಿದ್ದರೆಂದರೆ, ಕೇಳಿದವರು ನಂಬಲೇಬೇಕು. ಕೇಳ್ತೀರಾ ಅಂತ ಚೇಚಿಯನ್ನು ಕರೆದೆ. ಬೇಡ ಅಂದರು.

ಚೇಚಿ ಈಗಿಲ್ಲ. ಹೋದ ಮಳೆಗಾಲದಲ್ಲಿ ಹೋದರು. ಹೊಟ್ಟೆಯೊಳಗಿನ ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲವಂತೆ. ಸಾಯೋದಕ್ಕೆ ಸ್ವಲ್ಪ ಮುಂಚೆ ನಾನು ಫೋನ್ ಮಾಡಿದ್ದೆ. ಅದೇ ಜೋರು ದನಿ, ಅದೇ ನಗು. ನನಗೇನಾಗಿದೆ ಮೋಳೇ, ಸುಖವಾಗಿದ್ದೀನಿ ಅಂದರು… ಬೆಳಗಿನ ರೈಲು ಹತ್ತಿದ್ದರೆ ಮಧ್ಯಾಹ್ನದೊಳಗೆ ಅವರ ಮುಖ ನೋಡಬಹುದಿತ್ತು. ದನಿ ಕೇಳಿದೆನಲ್ಲ, ನಂಬಿಬಿಟ್ಟೆ.